ನೆರೆಯ ಮರದ ನೆರಳು: ಬಿಸಿಲಿನ ಲೆಕ್ಕ, ಕಾನೂನಿನ ಮಿತಿ, ಮರಗಸಿಯ ವಿವೇಕ

ಕರ್ನಾಟಕದ ನಗರ ಮತ್ತು ಪಟ್ಟಣಗಳಲ್ಲಿ 30 ಅಡಿಗೆ 40 ಅಡಿಯ ನಿವೇಶನಗಳು ಒಂದಕ್ಕೊಂದು ಒತ್ತಿಕೊಂಡಿರುವ ಬಡಾವಣೆಗಳಲ್ಲಿ, ಹಿಂದಿನ ತಲೆಮಾರಿನವರು ಹಿತ್ತಿಲ ಮೂಲೆಯಲ್ಲಿ ನೆಟ್ಟ ಮಾವು, ಹಲಸು, ನೇರಳೆ, ಹೊಂಗೆಗಳು ಈಗ ಮನೆಯ ಮಾಳಿಗೆಯನ್ನೂ ಮೀರಿ ಬೆಳೆದಿದ್ದು, ಅವುಗಳ ನೆರಳು ಅನೇಕ ಕಡೆ ನೆಟ್ಟವರ ಅಂಗಳಕ್ಕಿಂತ ನೆರೆಯವರ ಅಂಗಳದಲ್ಲೇ ಹೆಚ್ಚು ಹೊತ್ತು ಬೀಳುತ್ತದೆ. ಮಲ್ಲಿಗೆ ಹೂ ಬಿಡುವುದಿಲ್ಲ, ಟೊಮೆಟೊ ಕಾಯಿ ಕಚ್ಚುವುದಿಲ್ಲ, ಒಗೆದ ಬಟ್ಟೆ ಒಣಗುವುದಿಲ್ಲ, ಗೋಡೆಗೆ ಪಾಚಿ ಕಟ್ಟುತ್ತದೆ ಎಂಬ ದೂರುಗಳಿಂದ ಆರಂಭವಾಗುವ ಈ ವ್ಯಾಜ್ಯವು ಬಹುಮಟ್ಟಿಗೆ ಮರ ಉಳಿಯಬೇಕೇ ಉರುಳಬೇಕೇ ಎಂಬ ಹಟದ ಪ್ರಶ್ನೆಯಾಗಿ ಮುಗಿಯುತ್ತದೆ. ಪ್ರಶ್ನೆಯನ್ನು ಹಾಗೆ ಕೇಳುವುದರಲ್ಲಿಯೇ ದೋಷವಿದೆ. ಯಾವ ತಿಂಗಳಲ್ಲಿ, ಯಾವ ಹೊತ್ತಿನಲ್ಲಿ, ಯಾವ ಕೊಂಬೆಯಿಂದ ಎಷ್ಟು ಬಿಸಿಲು ತಡೆಯಲ್ಪಡುತ್ತಿದೆ ಎಂಬುದನ್ನು ಮೊದಲು ಅಳೆದು ನೋಡಿದರೆ, ಮರವನ್ನು ಕಳೆದುಕೊಳ್ಳದೆಯೇ ಬೆಳಕನ್ನು ಪಡೆಯುವ ದಾರಿ ಹೆಚ್ಚಿನ ಸಂದರ್ಭಗಳಲ್ಲಿ ತೆರೆದುಕೊಳ್ಳುತ್ತದೆ.

ಕರ್ನಾಟಕವು ಸ್ಥೂಲವಾಗಿ ಹನ್ನೊಂದೂವರೆ ಡಿಗ್ರಿಯಿಂದ ಹದಿನೆಂಟೂವರೆ ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಹರಡಿದ್ದು, ಕರ್ಕಾಟಕ ಸಂಕ್ರಾಂತಿ ವೃತ್ತದ ಒಳಗಿರುವುದರಿಂದ ಇಲ್ಲಿ ಸೂರ್ಯನು ವರ್ಷಕ್ಕೆ ಎರಡು ಬಾರಿ ನಡುಹಗಲಿನಲ್ಲಿ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಬೆಂಗಳೂರಿನಲ್ಲಿ ಈ ಘಟನೆಯು ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ನಡೆಯುತ್ತದೆ. ಅಂದು ನೆಟ್ಟಗೆ ನಿಂತ ಕಂಬಕ್ಕೆ ನಡುಹಗಲಿನಲ್ಲಿ ನೆರಳೇ ಇಲ್ಲದಿರುವುದರಿಂದ ಅದನ್ನು ಶೂನ್ಯ ನೆರಳಿನ ದಿನವೆನ್ನುತ್ತಾರೆ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ನಡುಹಗಲಿನ ಸೂರ್ಯನು ಉತ್ತರಕ್ಕೆ ತುಸು ವಾಲಿರುತ್ತಾನೆ, ಉಳಿದ ಎಂಟು ತಿಂಗಳು ದಕ್ಷಿಣಕ್ಕೆ ವಾಲಿರುತ್ತಾನೆ. ಜೂನ್ 21ರಂದು ಬೆಂಗಳೂರಿನಲ್ಲಿ 30 ಅಡಿ ಎತ್ತರದ ಮರದ ನಡುಹಗಲಿನ ನೆರಳು ದಕ್ಷಿಣ ದಿಕ್ಕಿಗೆ ಸುಮಾರು ಐದೂವರೆ ಅಡಿ ಮಾತ್ರ ಚಾಚಿದರೆ, ಡಿಸೆಂಬರ್ 21ರಂದು ಅದೇ ಮರದ ನೆರಳು ಉತ್ತರಕ್ಕೆ ಸುಮಾರು 22 ಅಡಿ ಚಾಚುತ್ತದೆ. ಇನ್ನೂ ಉತ್ತರದಲ್ಲಿರುವ ಬೀದರಿನಲ್ಲಿ ಅದು ಸುಮಾರು 26 ಅಡಿಯಾಗುತ್ತದೆ. ಬೆಳಗಿನ ಹೊತ್ತಿನ ಲೆಕ್ಕ ಇನ್ನೂ ದೊಡ್ಡದು: ಡಿಸೆಂಬರಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಬೆಂಗಳೂರಿನಲ್ಲಿ ಸೂರ್ಯನು ದಿಗಂತದಿಂದ ಸುಮಾರು 29 ಡಿಗ್ರಿಯಷ್ಟೇ ಏರಿರುವುದರಿಂದ 30 ಅಡಿಯ ಮರದ ನೆರಳು ವಾಯವ್ಯ ದಿಕ್ಕಿಗೆ 50 ಅಡಿಗಳನ್ನು ದಾಟುತ್ತದೆ, ಅಂದರೆ ಒಂದು ಇಡೀ ನಿವೇಶನವನ್ನು ದಾಟಿ ಅದರಾಚೆಗಿನ ಮನೆಯನ್ನೂ ಮುಟ್ಟುತ್ತದೆ.

ಈ ಲೆಕ್ಕದಿಂದ ತಿಳಿಯುವ ಮುಖ್ಯ ಸಂಗತಿಯೆಂದರೆ, ಕರ್ನಾಟಕದ ಮನೆಯೊಂದಕ್ಕೆ ನಿಜವಾಗಿ ತೊಡಕಾಗುವ ಮರವು ಸಾಮಾನ್ಯವಾಗಿ ದಕ್ಷಿಣ, ಆಗ್ನೇಯ ಅಥವಾ ನೈಋತ್ಯ ಮಗ್ಗುಲಿನಲ್ಲಿರುವ ಮರವೇ ಹೊರತು ಉತ್ತರದ ಮರವಲ್ಲ, ಮತ್ತು ಆ ತೊಡಕಿನ ಕಾಲವು ದೀಪಾವಳಿಯಿಂದ ಸಂಕ್ರಾಂತಿ ಕಳೆದು ಕೆಲವು ವಾರಗಳವರೆಗಿನದು. ಉತ್ತರದ ನೆರೆಯವರ ಮರವು ಎಷ್ಟೇ ಎತ್ತರವಿದ್ದರೂ, ಅದರ ಕೊಂಬೆಗಳು ಗೋಡೆ ದಾಟಿ ಈಚೆಗೆ ಚಾಚದಿರುವ ತನಕ, ಅಂಗಳದ ನಡುಹಗಲಿನ ಬಿಸಿಲಿಗೆ ಅದರಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ. ಪೂರ್ವದ ಮರವು ಎಳೆಬಿಸಿಲನ್ನು ತಡೆದು ಇಬ್ಬನಿಯು ಎಲೆಗಳ ಮೇಲೆ ಹೆಚ್ಚು ಹೊತ್ತು ನಿಲ್ಲುವಂತೆ ಮಾಡುವುದರಿಂದ ಎಲೆಚುಕ್ಕೆಯಂಥ ಶಿಲೀಂಧ್ರ ರೋಗಗಳಿಗೆ ಅನುಕೂಲವಾಗುತ್ತದೆಂಬುದು ನಿಜ. ಆದರೆ ಪಶ್ಚಿಮದ ಮರದ ವಿಚಾರ ಬೇರೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಮಧ್ಯಾಹ್ನದ ನಂತರದ ಇಳಿಬಿಸಿಲು ಪಶ್ಚಿಮದ ಗೋಡೆಯನ್ನು ಕಾಯಿಸಿ, ಆ ಕಾವು ರಾತ್ರಿ ಮಲಗುವ ಹೊತ್ತಿಗೆ ಕೋಣೆಯ ಒಳಗೆ ಇಳಿಯುವುದರಿಂದ, ಆ ದಿಕ್ಕಿನ ಮರವು ಯಾರ ಹಿತ್ತಿಲಿನದೇ ಆಗಿರಲಿ, ಅದು ನೆರಳು ಬೀಳುವ ಮನೆಗೆ ಸಂದ ಲಾಭವೇ ಆಗಿದೆ. ಹರಿಣಿ ನಾಗೇಂದ್ರ ಮತ್ತು ಅವರ ಸಹಸಂಶೋಧಕರು ಬೆಂಗಳೂರಿನ ಬೀದಿಮರಗಳ ಬಗ್ಗೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರಗಳಿರುವ ರಸ್ತೆಯಲ್ಲಿ ಮರಗಳಿಲ್ಲದ ರಸ್ತೆಗಿಂತ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ ರಸ್ತೆಯ ಮೇಲ್ಮೈಯ ಉಷ್ಣತೆ 27.5 ಡಿಗ್ರಿವರೆಗೂ ಕಡಿಮೆಯಿದ್ದುದು ಕಂಡುಬಂದಿತು. ಅಡಿಕೆ ಬೆಳೆಗಾರರು ಈ ಸತ್ಯವನ್ನು ಬಹಳ ಹಿಂದೆಯೇ ಅರಿತಿದ್ದರು. ನೈಋತ್ಯದ ಬಿಸಿಲು ಅಡಿಕೆಯ ಕಾಂಡವನ್ನು ಸುಟ್ಟು ಸೀಳುತ್ತದೆಂಬ ಕಾರಣಕ್ಕೇ ಅವರು ತೋಟದ ಆ ಮಗ್ಗುಲಿನಲ್ಲಿ ಎತ್ತರದ ಮರಗಳನ್ನು ಉಳಿಸಿಕೊಳ್ಳುತ್ತಾರೆ ಮತ್ತು ಎಳೆಯ ಗಿಡದ ಕಾಂಡಕ್ಕೆ ಹಾಳೆ ಕಟ್ಟುತ್ತಾರೆ ಅಥವಾ ಸುಣ್ಣ ಬಳಿಯುತ್ತಾರೆ.

ನೆರಳಿನಲ್ಲಿಯೂ ಬಗೆಗಳಿವೆ. ಗೋಡೆಯ ಅಥವಾ ದೂರದ ಮರದ ನೆರಳು ಬಿದ್ದಿದ್ದರೂ ಮೇಲಿನ ಆಕಾಶವು ತೆರೆದೇ ಇರುವ ಜಾಗದಲ್ಲಿ, ಗಾಳಿಯಲ್ಲಿ ಚದುರಿ ಬರುವ ಬೆಳಕು ಧಾರಾಳವಾಗಿ ದೊರೆಯುವುದರಿಂದ ಅನೇಕ ಸೊಪ್ಪುಗಳು ಅಲ್ಲಿ ಚೆನ್ನಾಗಿಯೇ ಬರುತ್ತವೆ. ಕೊಂಬೆಗಳ ನೇರ ಕೆಳಗಿನ ಮುಚ್ಚಿದ ನೆರಳು ಇದಕ್ಕಿಂತ ತೀರ ಭಿನ್ನವಾದುದು, ಏಕೆಂದರೆ ಅಲ್ಲಿ ಬೆಳಕಿನ ಪ್ರಮಾಣದ ಜೊತೆಗೆ ಅದರ ಗುಣವೂ ಬದಲಾಗುತ್ತದೆ: ಮೇಲಿನ ಎಲೆಗಳು ತಮಗೆ ಬೇಕಾದ ಕೆಂಪು ಬೆಳಕನ್ನು ಹೀರಿಕೊಂಡು, ಕೆಂಪಿನ ಅಂಚಿನಾಚೆಯ, ಆಹಾರ ತಯಾರಿಗೆ ಹೆಚ್ಚು ಉಪಯೋಗವಿಲ್ಲದ ಬೆಳಕನ್ನು ಕೆಳಕ್ಕೆ ಬಿಡುತ್ತವೆ, ಮತ್ತು ಕೆಳಗಿನ ಗಿಡವು ಈ ವ್ಯತ್ಯಾಸವನ್ನು ಗ್ರಹಿಸಿ ಮೇಲಿನ ಮರದೊಂದಿಗೆ ಪೈಪೋಟಿಗೆ ಬಿದ್ದಂತೆ ಕಾಂಡವನ್ನು ಉದ್ದುದ್ದ ಬೆಳೆಸುತ್ತದೆ. ನೆರಳಿನಲ್ಲಿ ಗಿಡಗಳು ಸಣಕಲಾಗಿ, ಗಿಣ್ಣುಗಳ ನಡುವಿನ ಅಂತರ ಹೆಚ್ಚಾಗಿ, ಹೂ ಬಿಡದೆ ಸೊಪ್ಪಾಗಿಯೇ ನಿಲ್ಲುವುದಕ್ಕೆ ಇದೇ ಮುಖ್ಯ ಕಾರಣ. ಮಾವು, ಹಲಸು, ನೇರಳೆಗಳ ನೆರಳು ಹೀಗೆ ದಟ್ಟವಾದುದು. ನುಗ್ಗೆ, ಬೆಟ್ಟದ ನೆಲ್ಲಿ, ಗುಲ್‌ಮೊಹರ್‌ಗಳಂಥ ಸಣ್ಣ ಎಲೆಯ ಮರಗಳ ನೆರಳು ಜಾಳು ಜಾಳಾದುದು. ಹೊಂಗೆಯು ಬೇಸಿಗೆಯ ಆರಂಭಕ್ಕೆ ಎಲೆ ಉದುರಿಸಿ ಕೆಲವೇ ವಾರಗಳಲ್ಲಿ ಮತ್ತೆ ಚಿಗುರಿಕೊಳ್ಳುತ್ತದೆ. ಇದರ ಜೊತೆಗೆ, ನೆರಳಿನ ತಲೆಗೆ ಕಟ್ಟುವ ಅನೇಕ ಅಪರಾಧಗಳು ವಾಸ್ತವದಲ್ಲಿ ಬೇರಿನವು ಎಂಬುದನ್ನೂ ಗಮನಿಸಬೇಕು. ನೆರೆಯ ಮರದ ಬೇರುಗಳು ಗೋಡೆಯ ಅಡಿಯಿಂದ ಬಂದು ಮೇಲ್ಮಣ್ಣಿನ ನೀರನ್ನು ಹೀರಿಕೊಂಡಾಗ ಗಿಡ ಬಾಡುತ್ತದೆ, ಆದರೆ ಕಣ್ಣಿಗೆ ಕಾಣುವುದು ನೆರಳು ಮಾತ್ರ. ಮಣ್ಣು ತುಂಬಿದ ಕುಂಡವೊಂದನ್ನು ಅದೇ ಜಾಗದಲ್ಲಿಟ್ಟು ಅದೇ ಗಿಡವನ್ನು ಅದರಲ್ಲಿ ಬೆಳೆಸಿ ನೋಡಿದರೆ ತಪ್ಪು ಯಾವುದರದು ಎಂಬುದು ಒಂದು ಹಂಗಾಮಿನಲ್ಲಿ ತಿಳಿಯುತ್ತದೆ.

ನೆರಳನ್ನು ಅಳೆದು ಹದಗೊಳಿಸುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ಕಾಫಿ ಗಿಡವು ಮರಗಳ ನೆರಳಿನಲ್ಲಿಯೇ ಬೆಳೆಯುತ್ತದೆ. ನೆರಳು ಹೆಚ್ಚಾದರೆ ಹೂ ಕಡಿಮೆಯಾಗಿ ಕೊಳೆರೋಗ ಹೆಚ್ಚುತ್ತದೆ, ನೆರಳು ಕಡಿಮೆಯಾದರೆ ಎಲೆ ಸುಟ್ಟು ಅರೇಬಿಕಾ ಗಿಡಗಳಿಗೆ ಕಾಂಡಕೊರಕದ ಕಾಟ ಜಾಸ್ತಿಯಾಗುತ್ತದೆ. ಆದ್ದರಿಂದ ಅಲ್ಲಿನ ಬೆಳೆಗಾರರು ಪ್ರತಿವರ್ಷ ಮಳೆಗಾಲದ ಮೋಡ ಕವಿಯುವ ಮೊದಲು ಮರಗಸಿ ಮಾಡಿಸುತ್ತಾರೆ, ಅಂದರೆ ನೆರಳಿನ ಮರಗಳ ಕೊಂಬೆಗಳನ್ನು ಆಯ್ದು ಸವರಿ ಬೆಳಕಿಗೆ ದಾರಿ ಮಾಡಿಕೊಡುತ್ತಾರೆ. ಈ ಕೆಲಸದಲ್ಲಿ ಮರವು ಕುಳ್ಳಾಗುವುದಿಲ್ಲ. ಕೆಳಗಿನ ಕೊಂಬೆಗಳು ಹೋಗಿ ನೆರಳಿನ ಚಪ್ಪರವು ಮೇಲಕ್ಕೆ ಏರುತ್ತದೆ, ಒಂದರ ಮೇಲೊಂದು ಬಿದ್ದ ಕೊಂಬೆಗಳಲ್ಲಿ ಕೆಲವು ಹೋಗಿ ನಡುವೆ ಕಿಂಡಿಗಳು ಮೂಡುತ್ತವೆ, ಮತ್ತು ಎತ್ತರದಿಂದ ಬೀಳುವ ನೆರಳು ದಿನವಿಡೀ ನೆಲದ ಮೇಲೆ ಸರಿಯುತ್ತಾ ಹೋಗುವುದರಿಂದ ಯಾವ ಗಿಡವೂ ಪೂರ್ತಿ ಕತ್ತಲಲ್ಲಿ ಉಳಿಯುವುದಿಲ್ಲ. ಮರವು ಎತ್ತರವಾದಷ್ಟೂ ನೆರಳು ಹೆಚ್ಚು ಬಾಧಿಸುತ್ತದೆ ಎಂಬ ನಗರದ ನಂಬಿಕೆಗೆ ಮಲೆನಾಡಿನ ಈ ಅನುಭವವು ನೇರವಾದ ಉತ್ತರವಾಗಿದೆ, ಏಕೆಂದರೆ ಬಾಧಿಸುವುದು ಎತ್ತರವಲ್ಲ, ತಗ್ಗಿನಲ್ಲಿ ಹರಡಿಕೊಂಡ ದಟ್ಟ ಕೊಂಬೆ. ಪೀಳಿಗೆಗಳಿಂದ ಬಂದ ಈ ಕುಶಲತೆಯುಳ್ಳ ಕೆಲಸಗಾರರು ಒಂದೇ ರಾಜ್ಯದೊಳಗೆ ಇರುವಾಗ, ನಗರಗಳಲ್ಲಿ ಮರದ ನೆತ್ತಿಯನ್ನೇ ಕತ್ತರಿಸಿ ಬೋಳು ಕಂಬವಾಗಿಸುವ ಪದ್ಧತಿಯು ವಾಡಿಕೆಯಾಗಿರುವುದು ನೋವಿನ ಸಂಗತಿ.

ನೆತ್ತಿ ಕತ್ತರಿಸುವುದು ನೆರಳಿನ ಸಮಸ್ಯೆಯನ್ನು ಪರಿಹರಿಸುವ ಬದಲು ಹೆಚ್ಚಿಸುತ್ತದೆ ಎಂಬುದನ್ನು ವಿವರಿಸಲೇಬೇಕು. ಎಲೆಗಳನ್ನು ಒಮ್ಮೆಲೇ ಕಳೆದುಕೊಂಡ ಮರವು ಬದುಕುವ ಸಲುವಾಗಿ ಕತ್ತರಿಸಿದ ಮೊಂಡಿನ ಸುತ್ತ ಹತ್ತಾರು ಚಿಗುರುಗಳನ್ನು ಒಟ್ಟಿಗೆ ಹೊರಡಿಸುತ್ತದೆ. ಇವು ಕೆಲವೇ ವರ್ಷಗಳಲ್ಲಿ ಪೊರಕೆಯಂತೆ ಒತ್ತೊತ್ತಾಗಿ ಬೆಳೆದು ಮೊದಲಿಗಿಂತ ದಟ್ಟವಾದ ನೆರಳು ಕೊಡುತ್ತವೆ, ಮತ್ತು ಕಾಂಡದ ಮೇಲ್ಪದರಕ್ಕಷ್ಟೇ ಅಂಟಿಕೊಂಡಿರುವುದರಿಂದ ಮುಂಗಾರುಪೂರ್ವದ ಬಿರುಗಾಳಿಗೆ ಸುಲಭವಾಗಿ ಮುರಿದು ಬೀಳುತ್ತವೆ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಅವರು ಸಾವಿರಾರು ಕಾಂಡಗಳನ್ನು ಸೀಳಿ ನೋಡಿ ತೋರಿಸಿಕೊಟ್ಟಂತೆ, ಮರದ ಗಾಯವು ಪ್ರಾಣಿಗಳ ಗಾಯದ ಹಾಗೆ ಮಾಯುವುದಿಲ್ಲ. ಮರವು ಗಾಯದ ಸುತ್ತ ಗೋಡೆ ಕಟ್ಟಿ ಕೊಳೆತವನ್ನು ಒಳಗೇ ಮುಚ್ಚಿಹಾಕುತ್ತದೆ, ಮತ್ತು ಆ ಗೋಡೆಯನ್ನು ಕಟ್ಟುವ ಶಕ್ತಿ ಕೊಂಬೆಯು ಕಾಂಡವನ್ನು ಸೇರುವಲ್ಲಿ ಕಾಣುವ ಉಬ್ಬಿದ ಕೊರಳಿನಲ್ಲಿ ಹೆಚ್ಚಾಗಿರುತ್ತದೆ. ಆದ್ದರಿಂದ ಕೊಂಬೆಯನ್ನು ಆ ಕೊರಳಿನ ಹೊರ ಅಂಚಿಗೆ ಕತ್ತರಿಸಬೇಕು. ಕಾಂಡಕ್ಕೆ ಸಮನಾಗಿ ಕೆತ್ತಲೂಬಾರದು, ಗೇಣುದ್ದದ ಮೊಂಡನ್ನು ಬಿಡಲೂಬಾರದು. ಭಾರದ ಕೊಂಬೆಯನ್ನು ಮೇಲಿನಿಂದ ಒಂದೇ ಸಲಕ್ಕೆ ಕತ್ತರಿಸಿದರೆ ಅದು ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುವುದರಿಂದ, ಕಾಂಡದಿಂದ ತುಸು ದೂರದಲ್ಲಿ ಮೊದಲು ಕೆಳಗಿನಿಂದ ಅರೆಗಚ್ಚು ಹಾಕಿ, ಅದರಾಚೆ ಮೇಲಿನಿಂದ ಗರಗಸ ಹಾಕಿ ಕೊಂಬೆಯನ್ನು ಕೆಡವಿ, ಕೊನೆಗೆ ಉಳಿದ ಮೋಟನ್ನು ಕೊರಳಿನ ಅಂಚಿಗೆ ತೆಗೆಯುವುದು ಸರಿಯಾದ ಕ್ರಮ. ಮಚ್ಚಿನಿಂದ ಕೊಚ್ಚುವುದು ಈ ಕೆಲಸಕ್ಕೆ ಹೊಂದುವುದಿಲ್ಲ. ಬಣ್ಣ ಅಥವಾ ಡಾಂಬರು ಬಳಿಯುವುದರಿಂದ ವಿಶೇಷ ಪ್ರಯೋಜನವೂ ಇಲ್ಲ. ಚಳಿಗಾಲದ ಬಿಸಿಲು ಬೇಕಾದವರಿಗೆ ಮಳೆ ನಿಂತ ಮೇಲಿನ ವಾರಗಳು ಅನುಕೂಲವಾದರೂ, ಮಾವಿನ ಮರವನ್ನು ಆ ಹೊತ್ತಿಗೆ ಸವರಿದರೆ ಮುಂದಿನ ಹೂವೇ ಹೋಗುವುದರಿಂದ ಅದಕ್ಕೆ ಕಾಯಿ ಕೊಯ್ದ ಕೂಡಲೇ ಕೈಹಾಕಬೇಕು. ಹಕ್ಕಿಯ ಗೂಡು, ಜೇನುಹುಟ್ಟು ಇವೆಯೇ ಎಂದು ನೋಡಿಕೊಳ್ಳುವುದು ಎಲ್ಲ ಕಾಲಕ್ಕೂ ಸಲ್ಲುವ ಕರ್ತವ್ಯ.

ಕಾನೂನು ಏನು ಹೇಳುತ್ತದೆ ಎಂಬ ಪ್ರಶ್ನೆಗೆ ಉತ್ತರವು ಅನೇಕರು ನಿರೀಕ್ಷಿಸುವುದಕ್ಕಿಂತ ಭಿನ್ನವಾಗಿದೆ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯು, ಒಂದು ಜಮೀನಿನ ಒಡೆಯನು ತನ್ನ ಆಸ್ತಿಯ ಸುಖಾನುಭವಕ್ಕಾಗಿ ಪರರ ಜಮೀನಿನ ಮೇಲೆ ಹೊಂದಿರುವ ದಾರಿ, ನೀರು, ಬೆಳಕು ಮುಂತಾದ ಸೀಮಿತ ಹಕ್ಕುಗಳನ್ನು ಈಸ್‌ಮೆಂಟ್ ಎಂಬ ಹೆಸರಿನಲ್ಲಿ ನಿರೂಪಿಸುತ್ತದೆ. ಅದರ 7ನೇ ಕಲಮಿನ ಉದಾಹರಣೆಗಳಲ್ಲಿ, ತನ್ನ ನೆಲಕ್ಕೆ ಮೇಲಿನಿಂದ ಲಂಬವಾಗಿ ಇಳಿಯುವ ಬೆಳಕು ಮತ್ತು ಗಾಳಿ ಪ್ರತಿಯೊಬ್ಬ ಭೂಮಾಲೀಕನ ಸಹಜ ಹಕ್ಕೆಂದು ಹೇಳಲಾಗಿದೆ. ಓರೆಯಾಗಿ, ನೆರೆಯವರ ನೆಲದ ಮೇಲಿನಿಂದ ಹಾದು ಬರುವ ಬೆಳಕಿನ ಮಾತು ಬೇರೆ: 15ನೇ ಕಲಮಿನ ಪ್ರಕಾರ ಒಂದು ಕಟ್ಟಡಕ್ಕೆ, ಅಂದರೆ ಅದರ ಕಿಟಕಿ ಬಾಗಿಲುಗಳಿಗೆ, 20 ವರ್ಷಗಳ ಕಾಲ ಅಡೆತಡೆಯಿಲ್ಲದೆ, ಶಾಂತವಾಗಿ, ಹಕ್ಕಿನ ರೂಪದಲ್ಲಿ ಬೆಳಕು ದೊರೆತಿದ್ದರೆ ಮಾತ್ರ ಅದು ಸ್ಥಿರವಾದ ಹಕ್ಕಾಗುತ್ತದೆ, ಮತ್ತು 17ನೇ ಕಲಮು ತೆರೆದ ನೆಲಕ್ಕೆ ಬರುವ ಬೆಳಕು ಮತ್ತು ಗಾಳಿಯನ್ನು ಹೀಗೆ ದೀರ್ಘಾನುಭವದಿಂದ ಹಕ್ಕಾಗಿ ಪಡೆಯಲು ಸಾಧ್ಯವಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಅಂಗಳದ ಮಲ್ಲಿಗೆ ಬಳ್ಳಿ, ಬಟ್ಟೆ ಒಣಹಾಕುವ ತಂತಿ, ತರಕಾರಿಯ ಮಡಿ ಇವುಗಳ ಮೇಲಿನ ಬಿಸಿಲು ನೂರು ವರ್ಷ ದೊರೆತಿದ್ದರೂ ನೆರೆಯವರ ಮರವು ಅದನ್ನು ತಡೆದಾಗ ಈ ಕಾಯ್ದೆಯ ಅಡಿಯಲ್ಲಿ ದಾವೆ ನಿಲ್ಲುವುದಿಲ್ಲ. ಕಿಟಕಿಯ ಬೆಳಕಿನ ವಿಷಯದಲ್ಲಿಯೂ ಕೇವಲ ಬೆಳಕು ತಗ್ಗಿತೆಂಬುದು ಸಾಲದು. 33ನೇ ಕಲಮಿನಂತೆ, ಆಸ್ತಿಯ ಬೆಲೆಗೆ ಧಕ್ಕೆಯಾಗುವಷ್ಟು, ಮನೆಯವರ ದೈಹಿಕ ನೆಮ್ಮದಿಗೆ ಗಣನೀಯ ಅಡ್ಡಿಯಾಗುವಷ್ಟು, ಅಥವಾ ಅಲ್ಲಿ ನಡೆದುಬಂದ ವೃತ್ತಿಗೆ ತೊಂದರೆಯಾಗುವಷ್ಟು ನಷ್ಟವನ್ನು ತೋರಿಸಬೇಕಾಗುತ್ತದೆ. ಹಕ್ಕಿದ್ದರೂ ಅಡಚಣೆಯನ್ನು ತಾನೇ ಹೋಗಿ ತೆಗೆಯುವಂತಿಲ್ಲವೆಂದು 36ನೇ ಕಲಮು ನಿರ್ಬಂಧಿಸುತ್ತದೆ. ಮೋಡ ಮುಸುಕಿದ ಇಂಗ್ಲೆಂಡಿನಲ್ಲಿ ಬೆಳಕನ್ನು ತಡೆಯುವ ಎರಡು ಮೀಟರಿಗೂ ಎತ್ತರದ ನಿತ್ಯಹಸಿರು ಬೇಲಿಗಳ ಬಗ್ಗೆ ಸ್ಥಳೀಯ ಆಡಳಿತಕ್ಕೆ ದೂರು ಕೊಡಲು 2003ರ ಶಾಸನವೊಂದು ಅವಕಾಶ ಕೊಟ್ಟಿದೆ. ಕರ್ನಾಟಕದಲ್ಲಿ ಅಂಥ ಕಾನೂನಿಲ್ಲ, ಮತ್ತು ಬಿಸಿಲೇ ಹೆಚ್ಚಾಗಿರುವ ಈ ನಾಡಿಗೆ ಅದರ ಅಗತ್ಯವೂ ಇಲ್ಲ.

ಗೋಡೆ ದಾಟಿ ಬಂದ ಕೊಂಬೆಯ ವಿಷಯದಲ್ಲಿ ಮಾತ್ರ ನ್ಯಾಯಾಲಯಗಳ ನಿಲುವು ನೆರೆಯವರ ಪರವಾಗಿದೆ. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಲೆಮನ್ ಮತ್ತು ವೆಬ್ ನಡುವಿನ ಪ್ರಕರಣದ ತೀರ್ಪಿನಲ್ಲಿ, ತನ್ನ ನೆಲದ ಮೇಲೆ ಚಾಚಿದ ಕೊಂಬೆಯನ್ನು ಗಡಿಯವರೆಗೆ, ನೆರೆಯವರ ನೆಲಕ್ಕೆ ಕಾಲಿಡದೆ, ಕತ್ತರಿಸುವ ಹಕ್ಕು ಆ ನೆಲದ ಒಡೆಯನಿಗೆ ಇದೆಯೆಂದು ಎತ್ತಿಹಿಡಿಯಿತು, ಮತ್ತು ಆ ಕೊಂಬೆ ಎಷ್ಟು ವರ್ಷಗಳಿಂದ ಅಲ್ಲಿದ್ದರೂ ಅಲ್ಲಿಯೇ ಇರುವ ಹಕ್ಕು ಮರದ ಮಾಲೀಕನಿಗೆ ಬರುವುದಿಲ್ಲವೆಂಬ ತತ್ವವನ್ನು ಭಾರತದ ಉಚ್ಚ ನ್ಯಾಯಾಲಯಗಳೂ ಅನುಸರಿಸಿವೆ. ಕತ್ತರಿಸಿದ ಕಟ್ಟಿಗೆ ಮತ್ತು ಅದರಲ್ಲಿದ್ದ ಹಣ್ಣು ಮರದ ಮಾಲೀಕನಿಗೇ ಸೇರಿದವು. ಆದರೆ ಕರ್ನಾಟಕದಲ್ಲಿ ಈ ಹಕ್ಕನ್ನು ಚಲಾಯಿಸುವ ಮುನ್ನ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ನೆನೆಯಬೇಕು. ಖಾಸಗಿ ನೆಲದಲ್ಲಿರುವ ಮರವನ್ನು ಕಡಿಯಲು ಕೂಡ ವೃಕ್ಷಾಧಿಕಾರಿಯ, ಅಂದರೆ ಈ ಕಾಯ್ದೆಯ ಅಡಿ ನೇಮಕಗೊಂಡ ಅರಣ್ಯಾಧಿಕಾರಿಯ, ಅನುಮತಿ ಬೇಕು, ಮತ್ತು ಸುಡುವುದು, ತೊಗಟೆ ಕೆತ್ತುವುದು, ಬೇರೆ ಬಗೆಯಲ್ಲಿ ಮರಕ್ಕೆ ಹಾನಿ ಮಾಡುವುದು ಕೂಡ ಮರ ಕಡಿದಂತೆಯೇ. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಶ್ರೀಗಂಧ, ಬೀಟೆಯಂಥ ಮರಗಳಿಗೆ ಬಿಗಿಯಾದ ಪ್ರತ್ಯೇಕ ನಿಯಮಗಳಿವೆ. ಕೈಬೆರಳಿನ ಗಾತ್ರದ ರೆಂಬೆಗಳನ್ನು ಸವರುವುದಕ್ಕೂ ಮರದ ಅಂಗವನ್ನೇ ತೆಗೆಯುವಂಥ ದೊಡ್ಡ ಕೊಂಬೆಗೆ ಗರಗಸ ಹಾಕುವುದಕ್ಕೂ ವ್ಯತ್ಯಾಸವಿರುವುದರಿಂದ, ಎರಡನೆಯದಕ್ಕೆ ಮರದ ಮಾಲೀಕರೊಂದಿಗೆ ಸೇರಿ ವೃಕ್ಷಾಧಿಕಾರಿಗೆ ಅರ್ಜಿ ಕೊಡುವುದೇ ಕ್ಷೇಮ. ಗಡಿಯವರೆಗಿನ ಹಕ್ಕನ್ನು ಹಿಡಿದು ಒಂದೇ ಮಗ್ಗುಲನ್ನು ಬೋಳಿಸಿದರೆ ಮರವು ಸಮತೋಲ ತಪ್ಪಿ ಇನ್ನೊಂದು ಕಡೆಗೆ ಉರುಳಬಹುದು, ಮತ್ತು ಅದರ ಹೊಣೆ ಕತ್ತರಿಸಿದವರ ಮೇಲೂ ಬರಬಹುದು. ಬುಡಕ್ಕೆ ಆಮ್ಲ ಸುರಿಯುವುದು, ತೊಗಟೆಯನ್ನು ಸುತ್ತಲೂ ಸುಲಿಯುವುದು ಮುಂತಾದ ಗುಟ್ಟಿನ ಕೃತ್ಯಗಳು ಅಪರಾಧ ಮಾತ್ರವಲ್ಲ, ನಿಂತಲ್ಲೇ ಸತ್ತು ಒಣಗಿದ ಮರವು ಮೊದಲು ಮುರಿದು ಬೀಳಬಹುದಾದುದು ಅದನ್ನು ಕೊಂದವರ ಅಂಗಳದ ಮೇಲೆಯೇ.

ಮರವು ಬೀಳುವ ಸ್ಥಿತಿಯಲ್ಲಿದ್ದರೆ ಮಾತ್ರ ದಾರಿ ಬೇರೆ. ಅಕ್ಕಪಕ್ಕದವರಿಗೆ ಅಥವಾ ದಾರಿಹೋಕರಿಗೆ ಅಪಾಯವೊಡ್ಡುವ ಮರವನ್ನು ತೆಗೆಯಲು ಅಥವಾ ಆಧಾರ ಕೊಡಲು ಆದೇಶಿಸುವ ಅಧಿಕಾರವನ್ನು 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಕೊಟ್ಟಿದೆ. ನೆರಳಿನ ದೂರನ್ನು ಅಪಾಯದ ದೂರಿನ ವೇಷದಲ್ಲಿ ಕೊಡುವುದು ಮಾತ್ರ ಸಲ್ಲದು, ಏಕೆಂದರೆ ಅದು ನಿಜವಾಗಿ ಅಪಾಯದಲ್ಲಿರುವವರ ಅರ್ಜಿಯನ್ನು ಹಿಂದಕ್ಕೆ ತಳ್ಳುತ್ತದೆ.

ಇತ್ತೀಚೆಗೆ ಈ ವಿಷಯಕ್ಕೆ ಹೊಸ ತಿರುವು ಕೊಟ್ಟಿರುವುದು ಮಾಳಿಗೆಯ ಸೌರ ಫಲಕ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನದಿಂದ ಮನೆಮನೆಯ ಮಾಳಿಗೆಗೆ ಫಲಕಗಳು ಏರುತ್ತಿವೆ. ಫಲಕದೊಳಗಿನ ಕೋಶಗಳು ಸರಪಣಿಯಂತೆ ಒಂದರ ಹಿಂದೊಂದು ಜೋಡಿಸಲ್ಪಟ್ಟಿರುವುದರಿಂದ, ಒಂದು ಕೊಂಬೆಯ ನೆರಳು ಕೆಲವೇ ಕೋಶಗಳ ಮೇಲೆ ಬಿದ್ದರೂ ಆ ಸಾಲಿನ ವಿದ್ಯುತ್ ಪ್ರವಾಹವು ನೆರಳಿನ ಅಳತೆಗೆ ಮೀರಿ ಕುಗ್ಗುತ್ತದೆ. ಈ ನಷ್ಟಕ್ಕೂ ಈಸ್‌ಮೆಂಟ್ ಕಾಯ್ದೆಯಲ್ಲಿ ನೇರವಾದ ರಕ್ಷಣೆಯಿಲ್ಲ. ಹತ್ತು ವರ್ಷದ ಬಳಿಕ ನೆರೆಯ ಮರವು ಎಷ್ಟು ಎತ್ತರವಾಗಬಹುದೆಂದು ಎಣಿಸಿ ಫಲಕದ ಜಾಗವನ್ನು ಆರಿಸುವುದು, ಪ್ರತಿ ಫಲಕಕ್ಕೂ ಪ್ರತ್ಯೇಕವಾದ ಸಣ್ಣ ಇನ್ವರ್ಟರ್ ಅಳವಡಿಸಿ ಒಂದರ ನೆರಳು ಇನ್ನೊಂದನ್ನು ಬಾಧಿಸದಂತೆ ನೋಡಿಕೊಳ್ಳುವುದು ಈಗ ಉಳಿದಿರುವ ಉಪಾಯಗಳು.

ಕಾನೂನು ಇಷ್ಟು ಕಡಿಮೆ ಕೊಡುವಾಗ ಉಳಿಯುವುದು ಮಾತುಕತೆಯ ದಾರಿ, ಮತ್ತು ಮಾತುಕತೆಗೆ ಬಲ ಬರುವುದು ಅಳತೆಯಿಂದ. ಅಂಗಳದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ, ನಡುಹಗಲಿಗೆ ಮತ್ತು ಮಧ್ಯಾಹ್ನ ಮೂರಕ್ಕೆ ನೆರಳಿನ ಅಂಚನ್ನು ಸುಣ್ಣದಿಂದ ಗುರುತಿಸಿ, ತಿಂಗಳಿಗೊಮ್ಮೆ ಅದನ್ನೇ ಪುನರಾವರ್ತಿಸಿದರೆ, ತಡೆಯುತ್ತಿರುವುದು ಇಡೀ ಮರವಲ್ಲ, ಎರಡೋ ಮೂರೋ ಕೊಂಬೆಗಳು ಎಂಬುದು ಅನೇಕ ಕಡೆ ಗೊತ್ತಾಗುತ್ತದೆ. ಉಡುಪಿಯ ಶಂಕರಪುರದಂಥ ಊರುಗಳಲ್ಲಿ ಅಂಗಳದ ಮಲ್ಲಿಗೆಯೇ ಮನೆಯ ಆದಾಯವಾಗಿರುವುದರಿಂದ ಈ ಕೊಂಬೆಗಳ ಲೆಕ್ಕವು ಅಲ್ಲಿ ಜೀವನೋಪಾಯದ ಲೆಕ್ಕವೇ ಆಗಿದೆ. ಮರದವರೊಂದಿಗೆ ಮಾತಾಡುವಾಗ ಮರವನ್ನು ತೆಗೆಸಿ ಎಂದು ಕೇಳುವುದರ ಬದಲು ಈ ಕೊಂಬೆ, ಈ ತಿಂಗಳು, ಖರ್ಚು ಇಬ್ಬರದು ಎಂದು ಕೇಳಿದರೆ ಒಪ್ಪಿಗೆ ದೊರೆಯುವ ಸಂಭವ ಹೆಚ್ಚು; ವಿದ್ಯುತ್ ತಂತಿಯ ಸಮೀಪದ ಕೊಂಬೆಯಾದರೆ ವಿದ್ಯುತ್ ಸರಬರಾಜು ಕಂಪನಿಗೆ ತಿಳಿಸಿ ಸಂಪರ್ಕ ಕಡಿತಗೊಳಿಸಿದ ಹೊರತು ಯಾರನ್ನೂ ಮರ ಹತ್ತಿಸಬಾರದು. ಇಷ್ಟಾದ ಮೇಲೂ ಉಳಿಯುವ ನೆರಳಿನಲ್ಲಿ ಅರಿಶಿನ, ಶುಂಠಿ, ಕೆಸು, ಸುವರ್ಣಗೆಡ್ಡೆ, ವೀಳ್ಯದೆಲೆ, ಒಂದೆಲಗ, ದೊಡ್ಡಪತ್ರೆ, ಪುದೀನಗಳು ಸೊಗಸಾಗಿ ಬೆಳೆಯುತ್ತವೆ, ಮತ್ತು ಕೊತ್ತಂಬರಿಯು ಬೇಸಿಗೆಯಲ್ಲಿ ಬಿಸಿಲಿಗಿಂತ ಜಾಳು ನೆರಳಿನಲ್ಲಿಯೇ ಚೆನ್ನಾಗಿ ಬರುತ್ತದೆ. ದಿನಕ್ಕೆ ಆರು ಗಂಟೆಯ ನೇರ ಬಿಸಿಲು ಬೇಕಾದ ಟೊಮೆಟೊ, ಬದನೆ, ಮೆಣಸಿನಕಾಯಿ, ಗುಲಾಬಿಗಳನ್ನು ಮಾಳಿಗೆಯ ಕುಂಡಗಳಿಗೆ ಸಾಗಿಸಬಹುದು. ನಗರಸಭೆಗಳು ಮತ್ತು ಪಾಲಿಕೆಗಳು ಮಲೆನಾಡಿನ ಮರಗಸಿಯನ್ನು ಬಲ್ಲ ಕೆಲಸಗಾರರಿಂದ ತಮ್ಮ ಸಿಬ್ಬಂದಿಗೆ ತರಬೇತಿ ಕೊಡಿಸಿ, ನಿಗದಿತ ಶುಲ್ಕಕ್ಕೆ ಮನೆಗಳ ಮರಗಳಿಗೂ ಆ ಸೇವೆ ದೊರೆಯುವಂತೆ ಮಾಡಬೇಕು. ಹಾಗೆ ಆಗುವ ತನಕ ನಾಗರಿಕರು ನೆತ್ತಿ ಕತ್ತರಿಸುವ ಗುತ್ತಿಗೆದಾರನನ್ನು ಕರೆಯುವ ಮೊದಲು ನೆರೆಯವರ ಬಾಗಿಲನ್ನು ತಟ್ಟಬೇಕು.